ಡಾಬಕಾದ ಶಾಲುಬಾಯಿಯ ಗಂಟು

ಅಲ್ಲಿ, ರಕ್ತನಾಳದ ಕವಲಿನ ಪಕ್ಕದಲ್ಲಿ, ತಿಳಿ ಬಿಳುಪಿನ ಕೋಶಗಳ ಗುಂಪು — ಮೂರು ವಾರದ ಹಿಂದೆ ಇದೇ ಸೂಕ್ಷ್ಮದರ್ಶಕದಲ್ಲಿ ಶಾಲುಬಾಯಿಯ ಗಂಟಿನ ಇದೇ ಗಾಜು ನೋಡಿ ಡಾಕ್ಟರ್ ವೈಜಿನಾಥ ಸೋಂಕಿನ ಬಾವು, ಕ್ಯಾನ್ಸರ್ ಅಲ್ಲ ಎಂದು ಸಹಿ ಹಾಕಿದ್ದ, ಆಗ ಇವೆಲ್ಲಿದ್ದವು, ಇಲ್ಲೇ ಇದ್ದವು, ಭಾಲ್ಕಿಯಲ್ಲಿ ಕೂತ ಅನಸೂಯಾ ಗಾಜು ನೋಡದೆಯೇ ಕಂಡಿದ್ದಳು, ಅದೇ ಅವನ ಹೊಟ್ಟೆಯುರಿ. ಬೀದರಿನ ಈ ಲ್ಯಾಬಿನಲ್ಲಿ ಅವನ ಪಕ್ಕದ ಸ್ಟೂಲಿನ ಮೇಲೆ ಎರಡು ವರ್ಷ ಕೂತು ಕಲಿತವಳು, ಆಮೇಲೆ ಕ್ಯಾನ್ಸರ್ ಓದಿ ಬಂದಳು, ಈಗ ಔರಾದದವರೂ ಬೀದರ್ ಬಿಟ್ಟು ಭಾಲ್ಕಿ ಬಸ್ಸು ಹತ್ತುತ್ತಾರೆ, ಅನಸೂಯಾ ಮೇಡಂ, ಅನಸೂಯಾ ಮೇಡಂ. ಸರ್, ತಪ್ಪು ತಿಳಕೋಬ್ಯಾಡ್ರಿ, ಎಂದಿದ್ದಳು ಫೋನಿನಲ್ಲಿ, ಶಾಲುಬಾಯಿ ನನ್ ಕಡಿ ಬಂದಾಳ್ರಿ, ಕೊರಳಾಗ ಗಂಟು, ಜ್ವರ, ಮೈತುಂಬ ತುರಿಕಿ, ಇದು ಟಿ-ಸೆಲ್ ಲಿಂಫೋಮಾ, ಗ್ರಂಥಿ ಕ್ಯಾನ್ಸರ್ ಅನಸ್ತದ್ರಿ ನಂಗ, ಮೇಣದ ಬ್ಲಾಕ್ ಕೊಡ್ರಿ, ಹೈದರಾಬಾದಿನಾಗ ಮಾರ್ಕರ್ ಬಣ್ಣ ಹಚ್ಚಿಸಿ ಯಾವ ಕೋಶ ಅಂತ ನೋಡಸ್ತೇನಿ. ಯಾವ ಟಿ-ಸೆಲ್? ಪರೀಕ್ಷೆ ಮಾಡುವ ದನಿಯಲ್ಲಿ ಕೇಳಿದ್ದ — ಆಂಜಿಯೋಇಮ್ಯುನೋಬ್ಲಾಸ್ಟಿಕ್, ತಮ್ಮನ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿದಳು, ಈ ವರ್ಷ ಅದರ ವರ್ಗೀಕರಣ ಬದಲಾಗ್ಯದ್ರಿ ಸರ್, ಅವನಿಗೆ ಗೊತ್ತಿರಲಿಲ್ಲ, ಬ್ಲಾಕ್ ಹುಡುಕಸ್ತೇನಿ ಎಂದ, ಶಾಲುಬಾಯಿಯ ಗಂಟಿನ ತುಣುಕಿದ್ದ ಆ ಮೇಣದ ಬಿಲ್ಲೆ ಅವನ ಮೇಜಿನ ಖಾನೆಯಲ್ಲೇ ಇತ್ತು, ಹನ್ನೆರಡು ದಿನ ಅಲ್ಲೇ ಉಳಿಯಿತು.

ಈಗ ಶಾಲುಬಾಯಿ, ಅವಳ ಗಂಡ ಮಚ್ಛೇಂದ್ರ ಹೊರಗೆ ಬೆಂಚಿನ ಮೇಲೆ, ಬಂದವನೇ ಮಚ್ಛೇಂದ್ರ ಹೇಳಿದ್ದ, ಡಾಕ್ಟರಮ್ಮ ಬ್ಲಾಕ್ ಇಸಕೊಂಡು ಬಾ ಅಂದಾರ್ರಿ ಸಾಹೇಬ್ರ, ಇವತ್ತು ಸಿಗಲಿಲ್ಲಂದ್ರ ನಾಳಿ ಕೂಲಿಗಿ ಪುಣೆಕ್ಕ ಹೋಗಬೇಕ್ರಿ, ಡಾಬಕಾದಾಗ ಕುಡಿಲಿಕ್ಕೂ ನೀರಿಲ್ಲ, ಕೂಲಿ ಮಂದಿನ ಒಯ್ಯೋ ಮುಕಾದಮ ಗಾಡಿ ತರ್ತಾನ. ಹೋದರೆ ಎಂಟು ತಿಂಗಳು, ಬಂದರೆ ಬಂದಳು. ಅನಸೂಯಾಳದೇ ತಪ್ಪು ಎಂದು ತೋರಿಸಬೇಕೆಂದು ಗಾಜನ್ನು ಮತ್ತೆ ಇಟ್ಟಿದ್ದ, ಅದರಲ್ಲಿ ಸಿಕ್ಕಿದ್ದು ಇದು. ಬಿ-ಸೆಲ್ ಕ್ಯಾನ್ಸರ್ ಆಗಿದ್ದರೆ ಬೇಗ ಸಿಕ್ಕಿಬೀಳುತ್ತಿತ್ತು, ಈ ಟಿ-ಸೆಲ್ ಸೋಂಕಿನ ವೇಷದಲ್ಲಿ ಕೂರುತ್ತದೆ, ಗಾಜು, ಮಾರ್ಕರ್, ಜ್ವರ, ಚರ್ಮ ಎಲ್ಲ ಕೂಡಿಸಿ ನೋಡಬೇಕು — ತುರಿಕೆ ಇದೆಯೇ ಎಂದು ಕೇಳಿದವಳು ಅನಸೂಯಾ, ಅವನು ಹೆಂಗಸಿನ ಮುಖವನ್ನೂ ನೋಡಿರಲಿಲ್ಲ. ಸಿಗಲಿಲ್ಲ ಎಂದುಬಿಟ್ಟರೆ? ಮೇಣ ಕಳೆಯುತ್ತದೆ, ಎಲ್ಲ ಲ್ಯಾಬಿನಲ್ಲೂ ಕಳೆಯುತ್ತದೆ, ಯಾರು ಕೇಳುತ್ತಾರೆ — ನಾಲಿಗೆಯ ತುದಿಗೆ ಬಂದಿತ್ತು, ಆಗ ಶಾಲುಬಾಯಿ ಒಳಗೆ ಇಣುಕಿ, ನೀರಿದ್ರ ಒಂದ್ ಗುಟುಕು ಕೊಡ್ರಿ ಅಣ್ಣಾ, ಎಂದಳು. ಲೋಟ ಕೊಟ್ಟ. ಖಾನೆ ಎಳೆದು ಮೇಣದ ಬಿಲ್ಲೆ ತೆಗೆದ. ಹಳೆಯ ವರದಿಗೆ ಅಡ್ಡಗೆರೆ ಹೊಡೆದು, ನಾನು ತಪ್ಪಾಗಿ ಓದಿದ್ದೆ, ಟಿ-ಸೆಲ್ ಲಿಂಫೋಮಾ ಶಂಕೆ, ಎಂದು ತನ್ನ ಕೈಯಲ್ಲೇ ಬರೆದ. ಪುಣೆಕ್ಕ ಹೋಗಬ್ಯಾಡ್ರಿ, ಈಗಲೇ ಭಾಲ್ಕಿಗೆ ಹೋಗ್ರಿ, ಎಂದು ಬಿಲ್ಲೆ, ವರದಿ ಎರಡನ್ನೂ ಮಚ್ಛೇಂದ್ರನ ಕೈಗಿಟ್ಟ.

ಅವರು ಮೆಟ್ಟಿಲಿಳಿಯುವಾಗ ಫೋನ್ ಹಚ್ಚಿದ. ಬ್ಲಾಕ್ ಕೊಟ್ಟೇನಿ ಅನಸೂಯಾ, ನನ್ನ ಖಾನೆದಾಗೇ ಇತ್ತು. ಗೊತ್ತಿತ್ರಿ ಸರ್, ಎಂದಳು, ಅದಕ್ಕೇ ಅವರನ್ನೇ ಕಳಿಸೀನಿ. ಬೈಯಲಿಲ್ಲ, ದನಿ ಏರಿಸಲಿಲ್ಲ, ಆ ತಾಳ್ಮೆಯೂ ಅವಳಿಗೇ ಇರಬೇಕೇ — ಕಿಟಕಿಯಾಚೆ ಶಾಲುಬಾಯಿ ಬಿಸಿಲಿಗೆ ನಿಂತು ಮುಂಗೈ ತುರಿಸುತ್ತಿದ್ದಳು, ಬಳೆ ಮೇಲಕ್ಕೆ ಸರಿಸಿ, ಬಳೆಯ ಕೆಳಗೂ ಕೆಂಪು, ಮತ್ತೆ ತುರಿಸಿದಳು, ಹನ್ನೆರಡು ದಿನ ಹೀಗೇ ತುರಿಸಿದ ಕೈ, ಬಳೆಯ ಕೆಳಗಿನ ಆ ಕೆಂಪು.