ಸೋಪಿನ ಡಬ್ಬಿಯಲ್ಲಿದ್ದ ಹೆಡ್ಮೇಡಂ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಜನ ಹೇಳುತ್ತಾರೆ. ಇರಲಿ. ಮೂವತ್ತನಾಲ್ಕು ವರ್ಷ ಶಾಲೆ ನಡೆಸಿದವಳಿಗೆ ಕೋಪ ಇನ್ನೆಲ್ಲಿರಬೇಕು, ಕಪಾಟಿನಲ್ಲೇ? ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಗರಗಸ’ ಅನ್ನುತ್ತಿದ್ದರು. ನನಗೆ ಗೊತ್ತಿಲ್ಲ ಅಂದುಕೊಂಡಿದ್ದರು, ಪಾಪ.

ಕಪಾಟಿನಲ್ಲಿ ಇದ್ದದ್ದು ಬೇರೆ. ಮಡಿಸಿಟ್ಟ ಶಾಲುಗಳ ಹಿಂದೆ ಒಂದು ದೊಡ್ಡ ನೀಲಿ ಸೋಪಿನ ಡಬ್ಬಿ, ಡಬ್ಬಿಯಲ್ಲಿ ನೀರು, ನೀರಿನಲ್ಲಿ ನನ್ನ ಹಲ್ಲಿನ ಸೆಟ್ಟು. ಮೇಲಿನದೂ ಕೆಳಗಿನದೂ. ಏಳು ವರ್ಷದಿಂದ ಈ ವಿಷಯ ಮನೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ, ಹಲ್ಲು ಹಾಕಿಕೊಂಡೇ ಕೋಣೆಯಿಂದ ಹೊರಗೆ ಬರುತ್ತೇನೆ. ಅದಕ್ಕೂ ಮುಂಚೆ ನನ್ನ ಹತ್ತಿರ ಬರುವವಳು ಮೊಮ್ಮಗಳು ಪಟಾಕಿ ಒಬ್ಬಳೇ. ಇನ್ನೂ ಕತ್ತಲಿರುವಾಗಲೇ ನನ್ನ ಹೊದಿಕೆಯೊಳಗೆ ತೂರಿಕೊಂಡು ಹುಲಿ ಕಥೆ ಹೇಳಿಸಿಕೊಳ್ಳುತ್ತಾಳೆ. ಬೋಳುಬಾಯಿಯಲ್ಲಿ ನನ್ನ ಹುಲಿ ಗರ್ಜಿಸುವುದಿಲ್ಲ, ‘ಬಫ್’ ಅನ್ನುತ್ತದೆ. ಆರು ವರ್ಷದ ಮಗುವಿಗೆ ಏನು ತಿಳಿಯುತ್ತದೆ ಅಂದುಕೊಂಡಿದ್ದೆ.

ಆ ದಿನ ನನ್ನ ಹಳೇ ಶಾಲೆಯಲ್ಲಿ ಹೊಸ ಓದುವ ಕೋಣೆಯ ಉದ್ಘಾಟನೆ. ಹನ್ನೊಂದು ಗಂಟೆಗೆ ನನ್ನ ಭಾಷಣ. ವಿಷಯ ‘ಶಿಸ್ತು’, ನಾಲ್ಕು ಹಾಳೆ. ನಿವೃತ್ತಿಯಾದ ಮೇಲೆ ಅವರು ನನ್ನನ್ನು ಕರೆದದ್ದು ಇದೇ ಮೊದಲು. ನನ್ನ ಕೈಕೆಳಗೆ ಕಲಿತವರೆಲ್ಲ ಹೆಂಡತಿ ಮಕ್ಕಳ ಜೊತೆ ಬಂದು ಕೂರುತ್ತಾರೆ. ಒಂದು ಮಾತೂ ತೊದಲಬಾರದೆಂದು ವಾರವಿಡೀ ಕನ್ನಡಿ ಮುಂದೆ ನಿಂತು ಓದಿದ್ದೆ.

ಸ್ನಾನ ಮುಗಿಸಿ ಬಂದು ಶಾಲು ಸರಿಸಿದೆ. ಡಬ್ಬಿ ಇಲ್ಲ.

ಹಾಸಿಗೆ ಕೊಡವಿದೆ, ಮಂಚದ ಕೆಳಗೆ ಬಗ್ಗಿದೆ. ಆಮೇಲೆ ಫ್ರಿಜ್ಜಿನ ಬಾಗಿಲ ಮೇಲಿದ್ದ ಶಾಲೆಯ ಚೀಟಿ ಕಣ್ಣಿಗೆ ಬಿತ್ತು: ‘ಒಂದನೇ ತರಗತಿ. ಇಂದು ತೋರಿಸು-ಹೇಳು ಪೀರಿಯಡ್. ಮನೆಯಿಂದ ಇಷ್ಟವಾದ ಒಂದು ವಸ್ತು ತರುವುದು.’ ಪಟಾಕಿ ಓದುವುದೂ ನನ್ನ ಆ ಹಳೇ ಶಾಲೆಯಲ್ಲೇ, ಆಗಲೇ ಹೋಗಿಯಾಗಿತ್ತು. ಶಾಲೆಗೆ ಫೋನ್ ಮಾಡಿದೆ. ನಾನು ಎರಡು ವಾಕ್ಯ ಹೇಳುವಷ್ಟರಲ್ಲಿ ಗುಮಾಸ್ತ, “ಏಯ್ ಮರಿ, ಫೋನ್ ಅಮ್ಮನ ಕೈಗೆ ಕೊಡು” ಅಂದು ಇಟ್ಟುಬಿಟ್ಟ. ಅಯೋಗ್ಯ! ಅವನಿಗೆ ಅಕ್ಷರ ಕಲಿಸಿದವಳು ನಾನು.

ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಟೆ. ಸೊಸೆ ಬಾಗಿಲಲ್ಲೇ ನಿಂತಿದ್ದಳು.

“ಅತ್ತೆ, ಹಲ್ಲು ಕಾಣ್ತಿಲ್ವಾ?”

ಕರವಸ್ತ್ರ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡೆ.

“ಏಳು ವರ್ಷದಿಂದ ತರಕಾರಿನ ಹಿಟ್ಟಾಗೋ ತನಕ ಬೇಯಿಸ್ತಿರೋದು ಯಾಕೆ ಅಂದ್ಕೊಂಡ್ರಿ? ನಂಗೇನು ಹಲ್ಲಿಲ್ವಾ?” ಅಂದಳು. ಹಲ್ಲು ಕಚ್ಚಿ ಸಹಿಸಿಕೊಳ್ಳೋಣವೆಂದರೆ ಅದಕ್ಕೂ ಗತಿಯಿಲ್ಲ. ಚಪ್ಪಲಿ ಮೆಟ್ಟಿ ನಡೆದೆ.

ಶಾಲೆ ಎರಡು ಬೀದಿ ದಾಟಿದರೆ ಸಿಗುತ್ತದೆ. ಒಂದನೇ ತರಗತಿಯ ಟೀಚರೂ ನನ್ನ ಶಿಷ್ಯೆಯೇ. ನನ್ನನ್ನು ನೋಡಿದ್ದೇ ತಡ, ಗಡಬಡಿಸಿ ಎದ್ದಳು. “ಮೇಡಂ, ಇಷ್ಟು ಬೇಗ ಬಂದ್ಬಿಟ್ರಾ? ಕೂತ್ಕೊಳಿ, ಕೂತ್ಕೊಳಿ.” ಹಿಂದಿನ ಸಾಲಿನಲ್ಲಿ ಒಂದು ಪುಟಾಣಿ ಕುರ್ಚಿ ಕೊಟ್ಟಳು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು.

ಗೋಡೆಯ ಮೇಲೆ ತೋರಿಸು-ಹೇಳು ಪೀರಿಯಡ್ಡಿನ ನಿಯಮಗಳು. ಇಪ್ಪತ್ತು ವರ್ಷದ ಹಿಂದೆ ನಾನೇ ಏಣಿ ಹತ್ತಿ ಬರೆದದ್ದು. ಒಂದು: ಮಗು ಮಾತಾಡುವಾಗ ಯಾರೂ ತಡೆಯಬಾರದು. ಎರಡು: ತಂದ ವಸ್ತು ಎಲ್ಲರ ಕೈಗೂ ಹೋಗಬೇಕು. ಮೂರು: ಕೋಣೆಯಲ್ಲಿರುವ ಪ್ರತಿಯೊಬ್ಬರೂ ಒಂದು ಪ್ರಶ್ನೆ ಕೇಳಬೇಕು, ಅತಿಥಿಗಳೂ ಕೂಡ. ಆಗ ತುಂಬ ಹೆಮ್ಮೆಪಟ್ಟಿದ್ದೆ.

ಒಬ್ಬ ಹುಡುಗ ತನ್ನಪ್ಪನ ಒಂಟಿ ಕಾಲುಚೀಲ ತಂದಿದ್ದ. “ಇನ್ನೊಂದು ಎಲ್ಲೋ ಹೋಗಿದೆ. ಬರುತ್ತೆ ಅಂತ ಅಪ್ಪ ಕಾಯ್ತಿದಾರೆ.” ಇನ್ನೊಬ್ಬಳು ಟಿವಿ ರಿಮೋಟು ತಂದಿದ್ದಳು, ತಾನಿಲ್ಲದಾಗ ತಮ್ಮ ನೋಡಬಾರದಂತೆ. ಮತ್ತೊಬ್ಬಳು ಬೀಗದ ಕೈ ಎತ್ತಿ ತೋರಿಸಿ, “ನಮ್ಮನೇದು. ಒಂದೇ ಇರೋದು. ಅಮ್ಮ ಒಳಗಿದಾರೆ” ಅಂದಳು. ಟೀಚರು ಜವಾನನನ್ನು ಓಡಿಸಿದಳು.

ಆಮೇಲೆ ನಮ್ಮ ಪಟಾಕಿ. ನನ್ನನ್ನು ನೋಡಿಯೂ ನೋಡದವಳ ಹಾಗೆ ಮುಂದೆ ಹೋಗಿ ನಿಂತು, ನೀಲಿ ಡಬ್ಬಿ ತೆರೆದಳು.

“ಇದು ನಮ್ಮಜ್ಜಿ ಹಲ್ಲು.”

ಇಡೀ ತರಗತಿ ಹಿಂದೆ ತಿರುಗಿತು. ಟೀಚರು ತಡೆಯಲು ಅರ್ಧ ಎದ್ದಳು, ಗೋಡೆ ನೋಡಿದಳು, ನನ್ನನ್ನು ನೋಡಿದಳು, ಕೂತುಬಿಟ್ಟಳು. ಶಿಸ್ತಿನ ಹುಡುಗಿ, ನಾನೇ ತಿದ್ದಿದ್ದು. ನನಗೋ ಭೂಮಿ ಬಾಯಿಬಿಡಬಾರದೇ ಅನಿಸಿತು.

ಮೂವತ್ತೊಂದು ಮಕ್ಕಳು. ನನ್ನ ಹಲ್ಲು ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು.

“ಇದು ಕಚ್ಚುತ್ತಾ?”

“ಅಜ್ಜಿ ಮಲಗಿದ್ದಾಗ ಇದೊಂದೇ ತಿಂಡಿ ತಿನ್ನುತ್ತಾ?”

“ಇದಕ್ಕೂ ಬ್ರಷ್ ಮಾಡ್ಬೇಕಾ? ಹಾಗಾದ್ರೆ ಏನು ಉಪಯೋಗ?”

ಕಾಲುಚೀಲದವನು ಬಾಯಿಗೇ ಹಾಕಿ ನೋಡಿದ. ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಉಳಿದದ್ದು ನನ್ನ ಪ್ರಶ್ನೆ ಒಂದೇ. ನಾನು ಕೇಳದೆ ಹಲ್ಲು ಡಬ್ಬಿಗೆ ವಾಪಸು ಹೋಗುವ ಹಾಗಿಲ್ಲ. ಕರವಸ್ತ್ರ ತೆಗೆದೆ. ಕೋಪದಿಂದ ಮೈ ಉರಿಯುತ್ತಿತ್ತು.

“ಯಾಕೇ ತಂದೆ ಇದನ್ನ?” ಅಂದೆ. ಮಾತಿಗಿಂತ ಗಾಳಿಯೇ ಹೆಚ್ಚು ಬಂತು.

“ಇದನ್ನ ಹಾಕ್ಕೊಂಡ್ರೆ ನೀನು ಹೆಡ್ಮೇಡಂ. ತೆಗೆದ್ರೆ ಅಜ್ಜಿ,” ಅಂದಳು ಪಟಾಕಿ, ನನಗೇ ಪಾಠ ಹೇಳುವವಳ ಹಾಗೆ. “ನಂಗೆ ಎಲ್ರಿಗೂ ಅಜ್ಜೀನ ತೋರಿಸ್ಬೇಕಿತ್ತು. ನೀನು ಬ್ಯಾಗಲ್ಲಿ ಹಿಡಿಸಲ್ವಲ್ಲ? ಹಲ್ಲು ತಂದ್ರೆ ಹಿಂದೇನೇ ಬರ್ತೀಯ ಅಂತ ಗೊತ್ತಿತ್ತು. ಈಗ ಹುಲಿ ಕಥೆ ಹೇಳು.”

ಹೇಳಿದೆ. ಏನು ಮಾಡಲಿ? ಬೈಯೋಣವೆಂದು ಬಾಯಿ ತೆರೆದರೆ ‘ಬಫ್’ ಅಂತ ಹುಲಿಯೇ ಹೊರಗೆ ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕರು, ಟೀಚರು ಮೇಜಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಈ ಶಾಲೆಯಲ್ಲಿ ನನ್ನೆದುರು ಯಾರಾದರೂ ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಆದರೆ ಭಾಷಣ ಭಾಷಣವೇ. ನಲ್ಲಿಯ ಕೆಳಗೆ ಮೂರು ಸಲ ಸೋಪು ಹಚ್ಚಿ ಹಲ್ಲು ತೊಳೆದೆ, ಹಾಕಿಕೊಂಡೆ, ಬೆನ್ನು ನೆಟ್ಟಗಾಯಿತು. ಹನ್ನೊಂದಕ್ಕೆ ಸರಿಯಾಗಿ ವೇದಿಕೆ ಹತ್ತಿದೆ. ಸಭೆ ಗಪ್‌ಚಿಪ್ ಆಯಿತು. ದೊಡ್ಡ ದೊಡ್ಡ ಗಂಡಸರು ಕೈಕಟ್ಟಿ ಕೂತರು. ಒಂದು ಅಕ್ಷರವೂ ತೊದಲದೆ ಎರಡು ಹಾಳೆ ಓದಿ ಮುಗಿಸಿದೆ. ಮೂರನೆಯದಕ್ಕೆ ಕೈ ಹಾಕಿದಾಗ, ಮುಂದಿನ ಸಾಲಿನಲ್ಲಿದ್ದ ಕಾಲುಚೀಲದವನು ಪಟಾಕಿಯ ಕಡೆಗೆ ಬಾಗಿದ.

“ನಿಮ್ಮಜ್ಜಿ ಎಲ್ಲೇ? ಮನೆಗೆ ಹೋಗ್ಬಿಟ್ರಾ?”

ಮೈಕಿನವರೆಗೂ ಕೇಳಿಸಿತು. ಪಟಾಕಿ ನನ್ನ ಕಡೆ ನೋಡಲಿಲ್ಲ, ತಲೆ ಬಗ್ಗಿಸಿ ಹೌದೆಂದಳು.

ಮೂರನೇ ಹಾಳೆ ಮಡಿಚಿಟ್ಟೆ. ಸಭೆಗೆ ಬೆನ್ನು ಮಾಡಿ ನಿಂತು, ಹಲ್ಲು ತೆಗೆದು ಕರವಸ್ತ್ರದಲ್ಲಿ ಸುತ್ತಿದೆ.