ದೊಡ್ಡ ಷಡ್ಡಕ

ಗೂಳಿ ಗಾಡಿಯವರಿಗೂ ಹದ್ದು ಗಾಡಿಯವರಿಗೂ ಆಗಿಬರುವುದಿಲ್ಲ ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ಎರಡೂ ಕಲ್ಲುಮುಳ್ಳಿನ ದಾರಿಗೆಂದೇ ಹುಟ್ಟಿದ ಮೋಟಾರು ಗಾಡಿಗಳು. ತೀರ ದೊಡ್ಡವೂ ಅಲ್ಲ, ತೀರ ಚಿಕ್ಕವೂ ಅಲ್ಲ. ಮುಂದೆ ಮನೆಮಂದಿ ಕೂರುವಷ್ಟು ಜಾಗ, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ. ಒಂದರ ಮೂತಿಯ ಮೇಲೆ ಕೊಂಬು ತಗ್ಗಿಸಿದ ಗೂಳಿ, ಇನ್ನೊಂದರ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಗೂಳಿಯವರ ಪ್ರಕಾರ ಹದ್ದು ಬರೀ ತಗಡಿನ ಡಬ್ಬ. ಹದ್ದಿನವರ ಪ್ರಕಾರ ಗೂಳಿ ಕೊಳ್ಳುವವನಿಗೆ ಮೊದಲು ಬುದ್ಧಿ ಕೊಡಿಸಬೇಕು, ಆಮೇಲೆ ಗಾಡಿ.

ಇಂಥವರ ನಡುವೆ ಬಿಡಿಭಾಗದ ಅಂಗಡಿ ನಡೆಸಲು ಗುಂಡಿಗೆ ಬೇಕು. ಕಂಪನಿಯವರ ಸ್ವಂತ ಮಳಿಗೆಗೆ ಹೋಗಿ ಒಂದು ರಬ್ಬರ್ ಬುಷ್ ಕೇಳಿದರೂ "ಹಡಗಿನಲ್ಲಿ ಬರ್ತಾ ಇದೆ" ಎನ್ನುತ್ತಿದ್ದರು. ಆ ಹಡಗು ಯಾವ ದಡವನ್ನಾದರೂ ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಎರಡೂ ಪಂಗಡದವರು ಕಡೆಗೆ ಬಂದು ನಿಲ್ಲುತ್ತಿದ್ದುದು ಬೋಲ್ಟಪ್ಪನವರ ಅಂಗಡಿಯಲ್ಲಿ. ಹೊರಗಿನ ಕಾರ್ಖಾನೆಗಳಿಂದ ಮಾಲು ತರಿಸಿ ಮಾರುವುದು ಅವರ ಕಸುಬು. ಗಲ್ಲಾಪೆಟ್ಟಿಗೆಯ ಎಡಕ್ಕೆ ಕೆಂಪು ಚೀಟಿ ಅಂಟಿಸಿದ ಡಬ್ಬಗಳ ಕಪಾಟು, ಅದು ಗೂಳಿಗೆ. ಬಲಕ್ಕೆ ನೀಲಿ ಚೀಟಿಯ ಕಪಾಟು, ಅದು ಹದ್ದಿಗೆ. ಗೂಳಿಯವರು ಬಲಗಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹದ್ದಿನವರಂತೂ ಎಡಗಡೆಯ ಗಾಳಿಯೂ ಸೋಕದಂತೆ ಓರೆಯಾಗಿ ನಿಲ್ಲುತ್ತಿದ್ದರು.

ತಮಾಷೆಯೆಂದರೆ, ಎರಡೂ ಕಪಾಟಿನ ಡಬ್ಬಗಳಲ್ಲಿ ಇದ್ದುದು ಒಂದೇ ಸಾಮಾನು. ಗಾಡಿಯ ಅಡಿಭಾಗವನ್ನು ಒಬ್ಬೊಬ್ಬರೇ ಮಾಡಲು ಕೈಲಾಗದೆ ಎರಡು ಕಂಪನಿಗಳು ಸದ್ದಿಲ್ಲದೆ ಕೈಜೋಡಿಸಿ ಒಂದೇ ಚಾಸಿ, ಒಂದೇ ಆಕ್ಸಲ್, ಒಂದೇ ಬ್ರೇಕು ಮಾಡಿಸಿಕೊಂಡಿದ್ದವು. ಆಮೇಲೆ ಮೇಲುಗಡೆ ಅವರವರ ಮೂತಿ, ಅವರವರ ಸೀಟು, ಅವರವರ ಜಂಬ. ಬೋಲ್ಟಪ್ಪನವರು ಇದನ್ನು ಮೊದಲ ವರ್ಷವೇ ಪತ್ತೆ ಮಾಡಿದ್ದರು. ಆದರೆ ಬಾಯಿ ಬಿಟ್ಟಿರಲಿಲ್ಲ.

"ಜನ ಕೊಳ್ಳೋದು ಕಬ್ಬಿಣ ಅಲ್ಲಮ್ಮ, ಬಿಂಕ," ಎಂದು ಅವರು ಗಲ್ಲಾದಲ್ಲಿ ಕೂರುವ ಕಿರಿಯ ಮಗಳಿಗೆ ಹೇಳಿದ್ದರು. "ಬಿಂಕಕ್ಕೆ ಪೆಟ್ಟು ಬಿದ್ರೆ ಎರಡು ಕಡೆಯವರೂ ಸೇರಿ ನಮ್ಮನ್ನೇ ಬಡೀತಾರೆ. ಗುಟ್ಟು ಗುಟ್ಟಾಗೇ ಇರ್ಲಿ."

ಗುಟ್ಟು ಕಾಯಲು ಅಪ್ಪಮಗಳಿಗೆ ಒಂದು ಸಂಕೇತದ ಮಾತು ಬೇಕಾಯಿತು. ಎರಡೂ ಗಾಡಿಗೆ ಆಗುವ ಸಾಮಾನಿಗೆ ಅಪ್ಪ 'ಷಡ್ಡಕ' ಎಂದು ಹೆಸರಿಟ್ಟರು. ಅಕ್ಕತಂಗಿಯರನ್ನು ಕಟ್ಟಿಕೊಂಡವರು ಷಡ್ಡಕರಲ್ಲವೆ? ಮಾವನ ಮನೆ ಒಂದೇ, ಠೀವಿ ಬೇರೆ ಬೇರೆ. ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಬಾಲ್ ಜಾಯಿಂಟು 'ದೊಡ್ಡ ಷಡ್ಡಕ'ವಾಯಿತು, ಮೇಲಿನದು 'ಚಿಕ್ಕ ಷಡ್ಡಕ'. ಇಬ್ಬರು ಅಳಿಯಂದಿರಿರುವ ಮನೆಯಲ್ಲಿ ಇಂಥ ಹೆಸರು ಇಡಬಾರದೆಂದು ಅಪ್ಪಮಗಳಿಗೆ ಹೊಳೆಯದೆ ಹೋದದ್ದೇ ಆಶ್ಚರ್ಯ.

ಹಿರಿಯ ಅಳಿಯ ದನದ ಡಾಕ್ಟರು. ಅಗಲ ಹೆಗಲು, ದಪ್ಪ ಕುತ್ತಿಗೆ. ಗೂಳಿ ಗಾಡಿಯಲ್ಲದೆ ಇನ್ನಾವುದೂ ಅವರಿಗೆ ಒಪ್ಪುತ್ತಿರಲಿಲ್ಲ. ಕಿರಿಯ ಅಳಿಯ, ಅಂದರೆ ಗಲ್ಲಾದವಳ ಗಂಡ, ಸರ್ವೇಯರು. ಬೆಟ್ಟಗುಡ್ಡ ಅಳೆಯುತ್ತಾ ತಿರುಗುವ ಸಣಕಲ ದೇಹಿ, ಹದ್ದಿನ ಪರಮಭಕ್ತ. ಇಬ್ಬರೂ ಕಾಲೆಳೆದುಕೊಳ್ಳುತ್ತಿದ್ದರು, ಆದರೆ ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲ. ಅವರ ನೆಪದಲ್ಲಿ ಅಕ್ಕತಂಗಿ ವಾರಕ್ಕೆರಡು ಸಲ ಸೇರಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಎಲ್ಲವೂ ಕೆಟ್ಟಿತು. ತಂಗಿ ಗಲ್ಲಾದಲ್ಲಿ ಕೂತು ಮಾಲು ಕಳಿಸಿದ, ಈ ಸಂಕೇತವೂ ಗೊತ್ತಿದ್ದ ಕಾರ್ಖಾನೆಯವನನ್ನು ಫೋನಿನಲ್ಲಿ ತರಾಟೆಗೆ ತೆಗೆದುಕೊಂಡಿದ್ದಳು.

"ಏನ್ರೀ, ನಿಮ್ಮ ದೊಡ್ಡ ಷಡ್ಡಕ ಒಂಚೂರೂ ಸರಿಯಿಲ್ಲ. ತಲೆ ದಪ್ಪ. ಗ್ರೀಸ್ ಹಚ್ಚದೆ ಇದ್ರೆ ಅಲ್ಲಾಡಲ್ಲ, ಸ್ವಲ್ಪ ಭಾರ ಬಿದ್ರೆ ಕುಯ್ ಅನ್ನತ್ತೆ. ನೋಡೋಕೆ ಗಟ್ಟಿ, ಒಳಗೆ ಪೊಳ್ಳು. ಚಿಕ್ಕ ಷಡ್ಡಕ ಎಷ್ಟೋ ವಾಸಿ. ಅದನ್ನ ವಾಪಸ್ ಕರೆಸ್ಕೊಳ್ಳಿ, ನಮಗೆ ಬೇಡ."

ಎಡಗಡೆ ಕಪಾಟಿನ ಹಿಂದೆ ಏನೋ ಧಡ್ ಎಂದು ಬಿತ್ತು. ತಿರುಗಿ ನೋಡಿದರೆ ಡಾಕ್ಟರ್ ಭಾವ. ಕೈಯಲ್ಲಿದ್ದ ಗ್ರೀಸ್ ಡಬ್ಬ ನೆಲದ ಮೇಲೆ, ಮುಖ ಕಪಾಟಿನ ಚೀಟಿಯಷ್ಟೇ ಕೆಂಪಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಭಾವ ನಿಜಕ್ಕೂ ಒಂದು ಕೈಯಲ್ಲಿ ತಲೆ ಮುಟ್ಟಿಕೊಂಡು ನಿಂತಿದ್ದರು. ಆಮೇಲೆ ಡಬ್ಬವನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಸಂಜೆ ಅಕ್ಕನ ಫೋನು ಬಂತು. "ದಪ್ಪತಲೆ ಅಂದಿದ್ದಕ್ಕೆ ಬೇಜಾರಿಲ್ಲವಂತೆ ಕಣೇ. ಪೊಳ್ಳು ಅಂದಿದ್ದನ್ನೂ ನುಂಗ್ಕೊಂಡ್ರು. 'ನನ್ನನ್ನ ಅದು ಅಂದ್ಲು, ದನಕ್ಕೂ ನಾನು ಹಾಗೆ ಅನ್ನಲ್ಲ' ಅಂತ ಊಟ ಬಿಟ್ಟು ಕೂತಿದಾರೆ."

ಒಂದೇ ಮಾತಿನಲ್ಲಿ ಬಿಡಿಸಿ ಹೇಳಬಹುದಿತ್ತು. ಆದರೆ ಎದುರಿಗೆ ಕೂತಿದ್ದ ಅಪ್ಪ ಕೈಮುಗಿದರು. ಡಾಕ್ಟರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಇವತ್ತು ಅವರಿಗೆ ಹೇಳಿದರೆ ನಾಳೆ ಕರು ಹಾಕುವ ಹಸುವಿಗೂ ಗೊತ್ತಿರುತ್ತದೆ ಎಂದು ಅವರ ಹೆದರಿಕೆ. ತಂಗಿ ತೊದಲಿದಳು: "ಬೇರೆ ಯಾರಿಗೋ ಅಂದಿದ್ದು ಅಂತ ಹೇಳಕ್ಕ."

"ಷಡ್ಡಕ ಅಂತ ಈ ಮನೇಲಿ ಇರೋದೇ ಇಬ್ಬರು. ಅದರಲ್ಲಿ ಚಿಕ್ಕವರು ವಾಸಿ ಅಂತ ಬೇರೆ ಅಂದಿದೀಯ. ಯಾರಿಗೆ ಅಂತ ನಂಬಿಸ್ಲಿ?"

ಭಾವ ಮಾತು ಬಿಟ್ಟರು. ಕಾರಣ ತಿಳಿಯದ ಸರ್ವೇಯರ್ ಕೆಲವು ದಿನ ಕಾದು, ಅವರಿಗೇ ಬೇಡವಾದರೆ ನನಗೇನು ಎಂದು ತಾನೂ ಬಿಟ್ಟ. ಹೊರಗಿನವರ ಕಣ್ಣಿಗೆ ಅದು ಗೂಳಿ-ಹದ್ದಿನ ಜಗಳವಾಗಿ ಕಂಡಿತು, ಕ್ರಮೇಣ ಅವರಿಗೂ ಹಾಗೇ ಅನ್ನಿಸತೊಡಗಿತು. ಒಬ್ಬರಿದ್ದ ಕಡೆ ಇನ್ನೊಬ್ಬರಿಲ್ಲ. ಗಂಡಂದಿರು ಸೇರದ ಮೇಲೆ ಅಕ್ಕತಂಗಿ ಸೇರುವುದು ಹೇಗೆ? ಅಕ್ಕನೇ ದಾರಿ ಹುಡುಕಿದಳು. "ವೈಪರ್ ಹೋಗಿದೆ" ಎಂದು ಅಂಗಡಿಗೆ ಬರುವುದು, ಹತ್ತು ನಿಮಿಷ ನಿಲ್ಲುವುದು, ಗೂಳಿಗೆ ಒಂದು ವೈಪರ್ ಪಟ್ಟಿ ಕೊಂಡುಹೋಗುವುದು. ಮೋಡದ ಸುಳಿವೂ ಇಲ್ಲದ ತಿಂಗಳುಗಳಲ್ಲಿ ಅಷ್ಟೊಂದು ವೈಪರ್ ಹೇಗೆ ಸವೆಯುತ್ತದೆಂದು ಡಾಕ್ಟರು ಕೇಳಲಿಲ್ಲ. ತಂಗಿಗೆ ಆ ಹತ್ತು ನಿಮಿಷ ಸಾಲುತ್ತಿರಲಿಲ್ಲ. ಅಕ್ಕ ಹೋದ ಮೇಲೆ ಅಪ್ಪನ ಮೇಲೂ, ಗಂಡನ ಮೇಲೂ, ಎರಡೂ ಕಪಾಟಿನ ಮೇಲೂ ಸಿಟ್ಟು ಬರುತ್ತಿತ್ತು.

ಅಂಗಡಿಯ ಗಿರಾಕಿಗಳೆಲ್ಲ ವರ್ಷಕ್ಕೊಮ್ಮೆ ಕಲ್ಲುಬೆಟ್ಟಕ್ಕೆ ಗಾಡಿ ಹತ್ತಿಸುವ, ಷಡ್ಡಕರಿಬ್ಬರೂ ತಪ್ಪಿಸದ ಸವಾರಿ ಬಂದಾಗ ಅವಳು ಒಂದು ಉಪಾಯ ಮಾಡಿದಳು. ಯಾವ ಗಾಡಿಯ ಹಿಂದೆ ಯಾವ ಗಾಡಿ ಎಂದು ಗೊತ್ತು ಮಾಡುವವಳು ಅವಳೇ. ಉಳಿದವರೆಲ್ಲರ ಹಿಂದೆ ತನ್ನ ಗಂಡನ ಹದ್ದು, ಅದರ ಬೆನ್ನಿಗೆ ಭಾವನ ಗೂಳಿ. ಕೊನೆಯ ಎರಡು ಗಾಡಿ ಒಂದನ್ನೊಂದು ಬಿಟ್ಟು ಹೋಗಕೂಡದು ಎಂದು ಒಂದು ನಿಯಮವನ್ನೂ ಸೇರಿಸಿದಳು. ಅಂಗಡಿಯಲ್ಲಿ ಉಳಿದಿದ್ದ ಒಂದೇ ಒಂದು ಕೆಳಗಿನ ಬಾಲ್ ಜಾಯಿಂಟನ್ನು ಭಾವನ ಸಾಮಾನು ಪೆಟ್ಟಿಗೆಗೆ ಹಾಕಿದಳು. ಕೆಂಪು ಚೀಟಿ ಇದ್ದರೇನು, ಯಾರದ್ದು ಮುರಿದರೂ ಆಗುತ್ತದಲ್ಲ.

ಮುರಿದದ್ದು ಹದ್ದಿನದು. ಮೊಣಕಾಲೆತ್ತರದ ಬಂಡೆಯಿಂದ ಇಳಿಯುವಾಗ ಟಪ್ ಎಂದಿತು, ಮುಂದಿನ ಬಲಚಕ್ರ ಹೊರಕ್ಕೆ ವಾಲಿತು, ಗಾಡಿ ಮೂಗು ನೆಲಕ್ಕಿಟ್ಟು ಕೂತಿತು. ಮುಂದಿನವರೆಲ್ಲ ಅಷ್ಟು ಹೊತ್ತಿಗೆ ಬೆಟ್ಟದ ಏಣು ದಾಟಿ ಹೋಗಿದ್ದರು. ಫೋನಿಗೆ ಸಿಗ್ನಲ್ ಇಲ್ಲ. ಉಳಿದವರು ನಾಲ್ಕೇ ಜನ: ಅಕ್ಕ, ತಂಗಿ, ಮಾತು ಬಿಟ್ಟ ಇಬ್ಬರು ಗಂಡಸರು.

ಡಾಕ್ಟರು ಇಳಿದುಬಂದು, ಅಭ್ಯಾಸಬಲದಿಂದ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹಸುವಿನ ಕಾಲು ನೋಡುವ ಹಾಗೆ ಎರಡೂ ಕಡೆ ಒತ್ತಿ ನೋಡಿದರು. ಆಮೇಲೆ ಹೆಂಡತಿಗೆ ಹೇಳಿದರು: "ಕೀಲು ತಪ್ಪಿದೆ ಅಂತ ಹೇಳು ಅವರಿಗೆ."

"ನನಗೂ ಕಣ್ಣಿದೆ ಅಂತ ಹೇಳಿ ಅವರಿಗೆ," ಎಂದ ಸರ್ವೇಯರ್ ಅತ್ತಿಗೆಗೆ.

ತಂಗಿ ಆಗಲೇ ಅಂಗಾತ ಮಲಗಿ ಗಾಡಿಯ ಕೆಳಗೆ ತಲೆ ತೂರಿಸಿದ್ದಳು. ಕೆಲಸ ಕಣ್ಣೆದುರಿಗೆ ಬಂದರೆ ಅವಳಿಗೆ ಮಿಕ್ಕದ್ದೆಲ್ಲ ಮರೆತುಹೋಗುತ್ತದೆ. ಅಲ್ಲಿಂದಲೇ, ಗಲ್ಲಾದಲ್ಲಿ ಕೂಗುವ ಹಾಗೆ ಕೂಗಿದಳು:

"ಭಾವ, ನಿಮ್ಮ ಪೆಟ್ಟಿಗೇಲಿ ದೊಡ್ಡ ಷಡ್ಡಕ ಇದೆ, ತಗೊಂಡು ಬನ್ನಿ!"

ಕೆಳಗಿನಿಂದ ಅವಳಿಗೆ ಕಾಣುತ್ತಿದ್ದುದು ಭಾವನ ಬೂಟುಗಳು ಮಾತ್ರ. ಬೂಟುಗಳು ನಿಧಾನವಾಗಿ ಅವಳ ಕಡೆ ತಿರುಗಿದವು.

"ಪೆಟ್ಟಿಗೇಲಾ?" ಎಂದಿತು ಮೇಲಿನಿಂದ ಒಂದು ದನಿ. "ನಾನು ಇಲ್ಲೇ ನಿಂತಿದೀನಲ್ಲಮ್ಮ."

ನಾಲಿಗೆ ಜಾರಿದ್ದು ತಂಗಿಗೆ ಆಗ ಗೊತ್ತಾಯಿತು. ಒಂದು ಕ್ಷಣ ಅಲ್ಲೇ ಗಾಡಿಯ ಕೆಳಗೇ ಇದ್ದುಬಿಡೋಣವೆನ್ನಿಸಿತು. ಅಪ್ಪನ ಮುಗಿದ ಕೈ ನೆನಪಾಯಿತು. ಎರಡು ಕಪಾಟು, ಎರಡು ಬಣ್ಣದ ಚೀಟಿ, ಆ ಅಂಗಡಿಯಿಂದಲೇ ನಡೆದ ಮನೆ. ಆಮೇಲೆ ಭಾವನ ಬೂಟಿನ ಪಕ್ಕದಲ್ಲಿ ಅಕ್ಕನ ಚಪ್ಪಲಿ ಕಂಡಿತು. ಹಬ್ಬಿದ ಧೂಳಿನಲ್ಲಿ ಒಂದು ಹೆಬ್ಬೆರಳು ಸುಮ್ಮನೆ ಗೆರೆ ಎಳೆಯುತ್ತಿತ್ತು. ಚಿಕ್ಕಂದಿನಲ್ಲಿ ಅಳು ತಡೆಯಲು ಅಕ್ಕ ಹಾಗೇ ಮಾಡುತ್ತಿದ್ದಳು.

ತಂಗಿ ಹೊರಗೆ ಬಂದು, ನೆಟ್ಟಗೆ ಗೂಳಿಯ ತೊಟ್ಟಿ ಹತ್ತಿ, ಪೆಟ್ಟಿಗೆಯಿಂದ ಕೆಂಪು ಚೀಟಿಯ ಡಬ್ಬ ತೆಗೆದು, ಒಳಗಿನ ಕಬ್ಬಿಣದ ಗಡ್ಡೆಯನ್ನು ಭಾವನ ಅಂಗೈಯಲ್ಲಿಟ್ಟಳು.

"ಇದೇ ಭಾವ ದೊಡ್ಡ ಷಡ್ಡಕ. ನಾವಿಟ್ಟ ಹೆಸರು. ಗೂಳಿಗೂ ಆಗುತ್ತೆ, ಹದ್ದಿಗೂ ಆಗುತ್ತೆ ಅಂತ. ಆವತ್ತು ನಾನು ಫೋನಲ್ಲಿ ಬೈದಿದ್ದು ಇದನ್ನ. ನಿಮ್ಮ ಗಾಡಿ, ಇವರ ಗಾಡಿ ಎರಡೂ ಕೆಳಗೆ ಒಂದೇ. ಕೆಂಪು ಚೀಟಿ, ನೀಲಿ ಚೀಟಿ ಎಲ್ಲಾ ನಮ್ಮ ನಾಟಕ. ಬೇಕಾದ್ರೆ ಊರಿಗೆಲ್ಲ ಸಾರಿ. ಅಂಗಡಿ ಹೋದ್ರೆ ಹೋಗ್ಲಿ. ನನಗೆ ಆ ಗುಟ್ಟು ಬೇಡ, ನನಗೆ ನನ್ನ ಅಕ್ಕ ಬೇಕು!"

ಅಕ್ಕ ಬಂದು ಅವಳ ಗ್ರೀಸ್ ಮೆತ್ತಿದ ಕೈ ಹಿಡಿದುಕೊಂಡಳು. ಡಾಕ್ಟರು ಆ ಗಡ್ಡೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ತಲೆ ದಪ್ಪನೇ ಇದೆ," ಎಂದು ಒಪ್ಪಿಕೊಂಡರು. "ಪೊಳ್ಳು ಅಂದಿದ್ದೂ ಇದನ್ನೇನಾ?"

"ಆ ಸಲ ಬಂದಿದ್ದನ್ನ. ಇದು ಒಳ್ಳೇದು ಭಾವ, ಗಟ್ಟಿ."

"ಎರಡು ವರ್ಷ ನಾನು 'ಅದು' ಅಂತ..." ನಗುವೋ ಅಳುವೋ, ಭಾವನ ದಪ್ಪ ಕುತ್ತಿಗೆ ಕುಲುಕುತ್ತಿತ್ತು.

ಸರ್ವೇಯರಿಗೆ ಇದಾವುದೂ ಕಿವಿಗೆ ಬಿದ್ದಂತಿರಲಿಲ್ಲ. ಅವನು ಹದ್ದಿನ ಕೆಳಗೆ ತೂರಿ ನೋಡಿದ. ಎದ್ದು ಬಂದು ಗೂಳಿಯ ಕೆಳಗೆ ತೂರಿದ. ಮತ್ತೆ ಹದ್ದಿನ ಕೆಳಗೆ. ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಹೊರಗೆ ಬಂದ. ಡಾಕ್ಟರು ಅವನ ಮುಖ ನೋಡಿದರು. ಎರಡು ವರ್ಷದಲ್ಲಿ ಮೊದಲ ಸಲ ನೇರವಾಗಿ ಅವನಿಗೇ ಹೇಳಿದರು:

"ಹಂಗಾದ್ರೆ ನಿನ್ನ ಹದ್ದಿನ ಹೊಟ್ಟೇಲಿ ಇರೋದು ನನ್ನ ಗೂಳಿ ಅನ್ನು."

"ಉಲ್ಟಾ ಡಾಕ್ಟ್ರೇ. ನಿಮ್ಮ ಗೂಳಿ ನಡೀತಿರೋದೇ ಹದ್ದಿನ ಕಾಲಲ್ಲಿ."

"ಯಾವುದಯ್ಯಾ ಮೊದಲು ಬಂದಿದ್ದು?"

"ನೀವೇ ಹೇಳಿ, ಯಾವುದು?"

"ಜಾಕ್ ತಗೊಂಡು ಬಾ, ಕೆಲಸ ಮಾಡ್ತಾ ಹೇಳ್ತೀನಿ. ಚಕ್ರಕ್ಕೆ ಕಲ್ಲು ಕೊಡು ಮೊದ್ಲು. ನಿಮ್ಮ ಹದ್ದಿನವರಿಗೆ ಅಷ್ಟೂ ತಿಳಿಯಲ್ಲ."

ಜಗಳ ಜೋರಾಗಿಯೇ ಹತ್ತಿಕೊಂಡಿತು. ತಂಗಿ ಬಾಯಿ ತೆರೆದು ನಿಂತಳು. ಅಕ್ಕ ಅವಳ ಕೈ ಜಗ್ಗಿದಳು.

"ರೀ, ಗೂಳಿ ಬೀಗದ ಕೈ ಕೊಡಿ. ನಾವು ಏಣಿನ ತನಕ ಹೋಗಿ ಬರ್ತೀವಿ."

"ಕೊನೇ ಗಾಡಿ ಬಿಟ್ಟು ಹೋಗಬಾರದು ಅಂತ ಇವಳದೇ ನಿಯಮ," ಎಂದ ಸರ್ವೇಯರ್, ಜಾಕು ಹೊತ್ತುಕೊಂಡು.

"ನಿಯಮ ಮಾಡಿದವಳೇ ಮುರೀತಿದೀನಿ ಕಣ್ರೀ," ಎಂದಳು ತಂಗಿ. "ಷಡ್ಡಕರನ್ನ ಇಲ್ಲೇ ಬಿಟ್ಟು ಹೋಗ್ತೀವಿ."

ಗೂಳಿಯ ಸ್ಟೀರಿಂಗ್ ಹಿಡಿದು ಅವಳು ಗಾಡಿ ತಿರುಗಿಸುವ ಹೊತ್ತಿಗೆ ಗಂಡಸರಿಬ್ಬರೂ ಹದ್ದಿನ ಕೆಳಗೆ ಸೇರಿದ್ದರು. ಹೊರಗೆ ಕಾಣುತ್ತಿದ್ದುದು ನಾಲ್ಕು ಕಾಲು, ಮೊಣಕಾಲಿನವರೆಗೂ ಒಂದೇ ಧೂಳು. ಒಳಗಿನಿಂದ ಎರಡು ದನಿ ಒಟ್ಟಿಗೇ ಬಯ್ಯುತ್ತಿದ್ದವು.

"ಇದರಲ್ಲಿ ನಿನ್ನವರು ಯಾರೇ?" ಎಂದಳು ಅಕ್ಕ.

"ಗೊತ್ತಾಗ್ತಿಲ್ಲ ಕಣೇ. ಕೆಳಗಡೆಯಿಂದ ಇಬ್ರೂ ಒಂದೇ."

"ಅಪ್ಪನಿಗೆ ಏನು ಹೇಳ್ತೀಯ?"

"ಕೆಂಪು, ನೀಲಿ ಎರಡೂ ಬೇಡ, ನೇರಳೆ ಚೀಟಿ ಮಾಡಿಸು ಅಂತೀನಿ."

ಬಂಡೆಯ ಮೇಲೆ ಗಾಡಿ ಎಗರಿದಾಗ ಡ್ಯಾಶಿನ ಪುಟ್ಟ ಖಾನೆ ಬಾಯಿ ತೆರೆಯಿತು. ವೈಪರ್ ಪಟ್ಟಿಗಳು ಒಂದರ ಮೇಲೊಂದು ಅಕ್ಕನ ಮಡಿಲಿಗೆ ಸುರಿದವು. ಒಂದರ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ತಂಗಿ ಅವನ್ನು ನೋಡಿದಳು, ಅಕ್ಕನನ್ನು ನೋಡಿದಳು, ಬ್ರೇಕು ಒತ್ತಿದಳು.

"ಏನಾಯ್ತೇ?"

"ಮುಂದೆ ಏನೂ ಕಾಣ್ತಿಲ್ಲ ಅಕ್ಕ."

ಅಕ್ಕ ಕೈಚಾಚಿ ವೈಪರ್ ಹಾಕಿದಳು. ಒಣಗಿದ, ಥಳಥಳಿಸುವ ಗಾಜಿನ ಮೇಲೆ ಅದು ಕುಯ್ ಕುಯ್ ಎಂದು ಎಡಕ್ಕೂ ಬಲಕ್ಕೂ ಓಡಾಡತೊಡಗಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾ ಕೂತರು, ಆದರೂ ವೈಪರ್ ನಿಲ್ಲಿಸಲಿಲ್ಲ.