ಅತ್ತೆಯವರ ಹರವಿಯ ಕೆಳಗೆ ಸರಕಾರಿ ಲಸಿಕೆ

ನನ್ನ ಗಂಡ ನೀಲಕಂಠರಾಯರಿಗೆ ಸವದತ್ತಿಯಲ್ಲಿ ಮಕ್ಕಳಿಗೆ ದೇವಿ ಹಾಕುವ ಸರಕಾರಿ ನೌಕರಿ. ಊರೂರು ತಿರುಗಿ, ಮಕ್ಕಳ ತೋಳು ಗೀರಿ, ಸಿಡುಬು ಬಾರದಂತೆ ಲಸಿಕೆ ಹಾಕಿ ಬರಬೇಕು. ಮನುಷ್ಯ ಬುದ್ಧಿವಂತರೇ. ಆದರೆ ಯಾವ ವಸ್ತುವನ್ನು ಎಲ್ಲಿಡಬೇಕು ಎಂಬ ವಿಷಯದಲ್ಲಿ ಅಷ್ಟು ದಡ್ಡರನ್ನು ನಾನು ಎಲ್ಲೂ ಕಂಡಿಲ್ಲ. ಹೋದ ವರ್ಷ ಬೆಳಗಾವಿಯಿಂದ ಬಂದ ಲಸಿಕೆಯ ಡಬ್ಬಿಯನ್ನು, ಇಲಿ ಮುಟ್ಟಬಾರದೆಂದು, ಉರಿಯುವ ಒಲೆಯ ಮೇಲಿನ ಅಟ್ಟದಲ್ಲಿಟ್ಟರು. ವಾರ ಬಿಟ್ಟು ಕಟಕೋಳಕ್ಕೆ ಹೋಗಿ ನಲವತ್ತು ಮಕ್ಕಳಿಗೆ ಹಾಕಿ ಬಂದರು. ಒಂದು ತೋಳಿನಲ್ಲೂ ಗುಳ್ಳೆ ಏಳಲಿಲ್ಲ. ಗುಳ್ಳೆ ಎದ್ದರೆ ಲಸಿಕೆ ಹತ್ತಿತು ಎಂದು ಲೆಕ್ಕ. ಏಳದಿದ್ದರೆ ಡಬ್ಬಿಯಲ್ಲಿದ್ದದ್ದು ಆಗಲೇ ಕೆಟ್ಟಿತ್ತು ಎಂದು.

ಈ ವೈಶಾಖದಲ್ಲಿ ರಾಮದುರ್ಗದ ಕಡೆ ಸಿಡುಬು ಕಾಣಿಸಿತು. ಇವರು ಮತ್ತೆ ಕಟಕೋಳಕ್ಕೆ ಓಡಿದರು. ಅಲ್ಲಿಯ ಗೌಡ ಲಗಮಪ್ಪ ಚಾವಡಿಯಲ್ಲಿ ಕೂಡಿಸಿ, ಮಜ್ಜಿಗೆ ಕೊಟ್ಟು, ಸಾವಕಾಶವಾಗಿ ಹೇಳಿದನಂತೆ: "ರಾಯರ, ಈ ಸಲ ನಮ್ಮ ಕಣ್ಣಮುಂದ ಮೊದಲ ನಿಮ್ಮ ಕೂಸಿಗೆ ಹಾಕ್ರಿ. ಆಮ್ಯಾಲ ನಮ್ಮ ಹುಡುಗರನ್ನ ತರತೇವಿ."

ಅಲ್ಲೇ ಇತ್ತು ಫಜೀತಿ. ನಮ್ಮ ಗೋದು ಹತ್ತು ತಿಂಗಳ ಕೂಸು, ಆಕೆಗೆ ಇನ್ನೂ ಹಾಕಿರಲಿಲ್ಲ. ಕರುವಿನ ಗುಳ್ಳೆಯಿಂದ ತೆಗೆದ ರಸ ನಮ್ಮ ಮನೆಯ ಕೂಸಿನ ಮೈಗೆ ಹೋಗಕೂಡದು ಎಂದು ಅತ್ತೆ ಶಾಂತಾಬಾಯಿಯವರ ಹಟ. ಇವರು ತಾಯಿಯ ಎದುರು ತುಟಿ ಪಿಟ್ ಎನ್ನುವವರಲ್ಲ. ನಾನು ಮಾತ್ರ ದಿನಕ್ಕೆ ಹತ್ತು ಸಲ ಗೋದುವಿನ ಹಣೆ ಮುಟ್ಟಿ ನೋಡುತ್ತಿದ್ದೆ. ಹೆದರಿಕೆಯೆಂದರೆ ಹೆದರಿಕೆ. ಏನಾದರಾಗಲಿ, ತವರಿನ ನೆಪ ಹೇಳಿ ಕೂಸನ್ನು ಕಟಕೋಳಕ್ಕೆ ಕರೆದೊಯ್ಯುವುದೆಂದು ನಾನೇ ಗಟ್ಟಿ ಮಾಡಿದೆ.

ಹೊಸ ಡಬ್ಬಿ ಬಂತು. ದರ್ಭೆಯಷ್ಟು ಸಣ್ಣ ಗಾಜಿನ ಕೊಳವೆಗಳು, ಜೊತೆಗೊಂದು ಚೀಟಿ: ತಂಪಿನಲ್ಲಿಡಬೇಕು, ಬಿಸಿಲು ತಾಗಬಾರದು, ಎಂಟು ದಿನದೊಳಗೆ ಹಾಕಬೇಕು. ಕಟಕೋಳದವರು ಹೇಳಿದ ದಿನಕ್ಕೆ ಇನ್ನೂ ಆರು ದಿನವಿತ್ತು. ಆ ಬಿಸಿಲಿನಲ್ಲಿ ನಮ್ಮ ಮನೆಯಲ್ಲಿ ತಂಪಾದ ಜಾಗ ಒಂದೇ, ಅತ್ತೆಯವರ ಕುಡಿಯುವ ನೀರಿನ ಹರವಿಯ ಕೆಳಗಿನ ಒದ್ದೆ ಉಸುಕು. ಅದು ಮಡಿಯ ಜಾಗ. ಸ್ನಾನ ಮಾಡದೆ ನಾನೇ ಅತ್ತ ಕೈ ಚಾಚುವಂತಿರಲಿಲ್ಲ. ಅತ್ತೆ ಹಿತ್ತಲಿಗೆ ಹೂ ಕೊಯ್ಯಲು ಹೋದಾಗ ಡಬ್ಬಿಯನ್ನು ಉಸುಕಿನಲ್ಲಿ ಹೂತುಬಿಟ್ಟೆ. ಊಟಕ್ಕೆ ಕುಳಿತ ಇವರ ಕಿವಿಯಲ್ಲಿ ಹೇಳಿದೆ. ಇವರು ಎತ್ತಿದ ತುತ್ತನ್ನು ಎಲೆಗೆ ಹಾಕಿ ಹರವಿಯ ಕಡೆ ನೋಡಿದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನಗು ತಡೆಯುವುದಿಲ್ಲ. ಅತ್ತೆ ಹರವಿಯ ಕಡೆ ಹೆಜ್ಜೆ ಇಟ್ಟರೆ ಸಾಕು, ನಾನು ಓಡಿಹೋಗಿ ನೀರು ತುಂಬಿಕೊಡುತ್ತಿದ್ದೆ. ಒಮ್ಮೆ ಅಲ್ಲಿ ಚೇಳು ಇದೆ ಎಂದೂ ಹೇಳಿದೆ. ಅವರು ಕಸಬರಿಗೆ ತಂದು ಅರ್ಧ ಗಂಟೆ ಹುಡುಕಿದರು. ಎರಡನೆಯ ದಿನ ಹರವಿ ಸೋರುತ್ತದೆಂದು ಹೇಳಿ ಅವರು ಹೊಸದನ್ನು ತರಿಸಿದರು. ಅದು ಸಾಲದೆಂಬಂತೆ ಅದೇ ವಾರ ಅವರಿಗೆ ಸ್ನಾನದ ಹುಚ್ಚು ಬೇರೆ ಹತ್ತಿತು. ಬೆಳಗಿನದಲ್ಲದೆ ಮಧ್ಯಾಹ್ನ ಒಂದು, ಸಂಜೆ ಒಂದು. ಬಾವಿಯಿಂದ ನೀರು ಸೇದುವವಳು ನಾನು. ಹಗ್ಗ ಎಳೆಯುತ್ತ ಮನಸ್ಸಿನಲ್ಲೇ ಅವರನ್ನು ಬೈದದ್ದಕ್ಕೆ ಮಿತಿಯಿಲ್ಲ.

ಹೊರಡುವ ದಿನ ಬೆಳಿಗ್ಗೆ ಹರವಿ ಸರಿಸಿ ಉಸುಕು ಕೆದರಿದೆ. ಡಬ್ಬಿ ಇಲ್ಲ. ಮೊಣಕೈವರೆಗೆ ಕೈ ಹಾಕಿದೆ. ಇವರು ರುಮಾಲು ಕಳಚಿಟ್ಟು ಪಕ್ಕದಲ್ಲೇ ಕುಕ್ಕರಿಸಿ ಅಗೆಯತೊಡಗಿದರು. ಇಬ್ಬರೂ ಮೈಯೆಲ್ಲ ಉಸುಕು ಮಾಡಿಕೊಂಡು ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ.

"ಅಲ್ಲಿಲ್ಲ, ದೇವರ ಮನಿ ಮೂಲ್ಯಾಗ ಅದ," ಎಂದರು.

ಎರಡನೆಯ ದಿನ ಹರವಿ ಬದಲಿಸುವಾಗಲೇ ಅವರ ಕೈಗೆ ಸಿಕ್ಕಿತ್ತಂತೆ. ತಿಪ್ಪೆಗೆ ಎಸೆಯಬೇಕೆಂದೇ ಎತ್ತಿಕೊಂಡರಂತೆ. ಎತ್ತಿದರೆ ತಗಡು ಬೆಚ್ಚಗಿತ್ತು. ವೈಶಾಖದಲ್ಲಿ ಬೆಳಕಿಂಡಿಯ ಬಿಸಿಲು ಮಧ್ಯಾಹ್ನ ನೇರ ಆ ಉಸುಕಿನ ಮೇಲೆ ಬೀಳುತ್ತದೆಂದು ನನಗೆ ತಿಳಿದಿರಲಿಲ್ಲ. ಮೂವತ್ತು ವರ್ಷ ಅಲ್ಲೇ ಕುಳಿತವರಿಗೆ ತಿಳಿದಿತ್ತು. ಮೂರು ವರ್ಷದ ಮಾವಿನ ಉಪ್ಪಿನಕಾಯಿಯನ್ನು ಕೆಡದಂತೆ ಇಟ್ಟವರು ಅವರು. ತಮ್ಮ ಮನೆಯಲ್ಲಿ ಒಂದು ವಸ್ತು, ಅದು ಕರುವಿನ ಕೀವೇ ಆಗಲಿ, ಕೆಡುವುದನ್ನು ಸುಮ್ಮನೆ ನೋಡಲು ಅವರಿಂದ ಆಗಲಿಲ್ಲ. ಒದ್ದೆ ಬಟ್ಟೆ ಸುತ್ತಿ ಕತ್ತಲೆ ಮೂಲೆಯ ಕಲ್ಲಿನ ಬಾನಿಯಲ್ಲಿಟ್ಟರು. ದಿನಕ್ಕೆರಡು ಸಲ ಮುಟ್ಟಿ ಬಟ್ಟೆ ತೋಯಿಸಿದರು, ಮುಟ್ಟಿದಾಗೆಲ್ಲ ಸ್ನಾನ ಮಾಡಿದರು.

ಅತ್ತೆ ನನ್ನ ಕಡೆ ತಿರುಗಿದರು.

"ನಾ ಇಟ್ಟದ್ದು ಯಾವುದೂ ಕೆಟ್ಟಿಲ್ಲ. ಇದು ಕೆಟ್ಟದೋ ಇಲ್ಲೋ ನನಗ ತಿಳೀಬೇಕು. ನೀವು ಹೊಂಟದ್ದು ತವರಿಗಲ್ಲ, ಕಟಕೋಳಕ್ಕ ಅಂತ ಗೊತ್ತದ. ಕೂಸಿನ್ನ ಕೊಡು, ನಾನೂ ಬರತೇನಿ."

ಗಾಡಿಯಲ್ಲಿ ಅತ್ತೆಯವರ ಒಂದು ತೊಡೆಯ ಮೇಲೆ ಗೋದು, ಇನ್ನೊಂದರ ಮೇಲೆ ಡಬ್ಬಿ. ಹಳ್ಳ ಬಂದಲ್ಲೆಲ್ಲ ಗಾಡಿ ನಿಲ್ಲಿಸಿ ಬಟ್ಟೆ ತೋಯಿಸಿದರು. ಕಟಕೋಳದ ಚಾವಡಿಯಲ್ಲಿ ತಾವೇ ಮುಂದೆ ಕುಳಿತು ಗೋದುವಿನ ತೋಳು ಬಿಚ್ಚಿ ಹಿಡಿದರು. ಗೋದು ಅತ್ತಳು, ಆಮೇಲೆ ನಲವತ್ತು ಮಕ್ಕಳು ಅತ್ತರು. ಗುಳ್ಳೆ ಏಳುವವರೆಗೆ ಊರು ಬಿಡಬೇಡಿ ಎಂದು ಲಗಮಪ್ಪ ನಮ್ಮನ್ನು ಕುಲಕರ್ಣಿಯವರ ಮನೆಯಲ್ಲಿ ಇಳಿಸಿದ. ನಾಲ್ಕು ದಿನ ತೋಳು ನೋಡಿದ್ದೇ ನೋಡಿದ್ದು. ಗೀರಿದ ಗೆರೆಯ ಹೊರತು ಏನೂ ಇಲ್ಲ.

ಐದನೆಯ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಕೂಗಿದರು. ಗೋದುವಿನ ತೋಳಿನಲ್ಲಿ ನಡುವೆ ತಗ್ಗಿದ್ದ ದುಂಡನೆಯ ಗುಳ್ಳೆ. ನಾನು ಕೂಸನ್ನು ಮುದ್ದಾಡಿ, ಕುಣಿದು, ಇವರು ಎದುರಿಗಿದ್ದಾರೆಂಬುದನ್ನೂ ಮರೆತು ಗೊಳ್ಳೆಂದು ನಕ್ಕೆ. ಅಷ್ಟರಲ್ಲಿ ಅತ್ತೆ ಮಡಿ ಸೀರೆಯಲ್ಲೇ ಕೂಸನ್ನು ಎತ್ತಿಕೊಂಡು ಓಣಿಗೆ ಹೊರಟಿದ್ದರು. ಪ್ರತಿ ಬಾಗಿಲಲ್ಲೂ ನಿಂತು, ನಿಮ್ಮ ಹುಡುಗನ ತೋಳು ತೋರಿಸು ಎಂದು ಕೇಳಿದರು. ಒಂದೊಂದಾಗಿ ಮಕ್ಕಳು ಹೊರಬಂದವು. ಎಲ್ಲ ತೋಳಲ್ಲೂ ಗುಳ್ಳೆ. ಯಾರ ಮನೆ, ಯಾವ ಜಾತಿ ಎಂದು ಕೇಳದೆ ಅತ್ತೆ ಪ್ರತಿಯೊಂದು ತೋಳನ್ನೂ ಹಿಡಿದು ನೋಡಿ ನಕ್ಕರು. ಹಿಂದೆ ನಾವು, ನಮ್ಮ ಹಿಂದೆ ಅರ್ಧ ಊರು, ಎಲ್ಲರೂ ನಗುತ್ತಿದ್ದೆವು.

ಕೊನೆಯ ಓಣಿಯಲ್ಲಿ ಒಂದು ಪುಟ್ಟ ಹುಡುಗಿಯ ತೋಳು ಹಿಡಿದವರು ಬಿಡಲಿಲ್ಲ. ನಾನು ಹತ್ತಿರ ಹೋದೆ.

"ಇವನ ತಂಗಿ ಸರಸೂ ಹೋದಾಗ ಇಷ್ಟ ಇದ್ದಳು," ಎಂದು ನನ್ನ ಗಂಡನ ಕಡೆ ಕೈ ತೋರಿಸಿದರು. "ಆವಾಗೂ ದೇವಿ ಹಾಕವರು ಮನಿತನಕ ಬಂದಿದ್ರು. ನಾನ ಬ್ಯಾಡಂತ ಕಳಿಸಿದೆ."

ನಾನು ಅತ್ತೆಯವರ ಮನೆಗೆ ಸೊಸೆಯಾಗಿ ಬಂದು ಆರು ವರ್ಷವಾಗಿತ್ತು. ಸರಸೂ ಎಂಬ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಇವರು ಅತ್ತ ಮುಖ ತಿರುಗಿಸಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಹುಡುಗಿಯ ಗುಳ್ಳೆಯನ್ನು ಇನ್ನೊಮ್ಮೆ ನೋಡಿ, ಇನ್ನೂ ಎಷ್ಟು ಮನೆ ಉಳಿದಿವೆ ಎಂದು ಲಗಮಪ್ಪನನ್ನು ಕೇಳಿದರು.